ರೂಮಿಗೆ ಡೀಲಕ್ಸ್ ಎಂಬ ಹೆಸರು, ಒಳಗೆ ಏನಿರಬೇಕು?

ಪ್ರಶ್ನೆ: ನಮ್ಮದು ನಾಲ್ವರ ಕುಟುಂಬ. ವರ್ಷಕ್ಕೊಮ್ಮೆ ಒಂದು ವಾರ ರೆಸಾರ್ಟಿನಲ್ಲಿ ಇದ್ದು ಬರುತ್ತೇವೆ. ಕಳೆದ ಸಲ ಹೆಚ್ಚು ಹಣ ಕೊಟ್ಟು ಡೀಲಕ್ಸ್ ರೂಮ್ ತೆಗೆದುಕೊಂಡೆವು. ಫೋಟೋದಲ್ಲಿ ತೋರಿಸಿದ್ದೆಲ್ಲ ಅಲ್ಲಿತ್ತು, ಆದರೂ ನಿದ್ದೆಗೆಟ್ಟು ದಣಿದು ವಾಪಸಾದೆವು. ಈಗ ಟೈಮ್‌ಶೇರ್ ಸದಸ್ಯತ್ವ (ಒಂದೇ ರಜೆಮನೆಯನ್ನು ಹಲವರು ವರ್ಷದ ಬೇರೆ ಬೇರೆ ವಾರಗಳಿಗೆ ಹಂಚಿಕೊಳ್ಳುವುದು) ತೆಗೆದುಕೊಂಡರೆ ಪ್ರತಿ ವರ್ಷವೂ ಡೀಲಕ್ಸ್ ವಾಸ ಖಚಿತ ಎನ್ನುತ್ತಿದ್ದಾರೆ. ನಿಜವಾದ ಡೀಲಕ್ಸ್ ಅಂದರೆ ಯಾವುದು? ಹಣ ಕಟ್ಟುವ ಮೊದಲೇ ಅದನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲಿಗೆ ಆ ಪದದ ಗೊಂದಲ ಬಿಡಿಸೋಣ. ಡೀಲಕ್ಸ್ ಎನ್ನುವುದಕ್ಕೆ ಎಲ್ಲ ಕಡೆ ಒಪ್ಪುವ ಅಳತೆಗೋಲು ಇಲ್ಲ. ಸ್ಟ್ಯಾಂಡರ್ಡ್, ಸುಪೀರಿಯರ್, ಡೀಲಕ್ಸ್, ಪ್ರೀಮಿಯರ್, ಸ್ವೀಟ್ ಎಂದು ಸಾಗುವ ದರಪಟ್ಟಿಯಲ್ಲಿ ಅದು ಎಷ್ಟೋ ಸಲ ಕೆಳಗಿನಿಂದ ಎರಡನೆಯದೋ ಮೂರನೆಯದೋ ಮೆಟ್ಟಿಲು, ಅಷ್ಟೆ. ಅದೇ ಅಳತೆಯ, ಅದೇ ಮಂಚದ ರೂಮು ಎರಡು ಮಹಡಿ ಮೇಲಿದ್ದು ಕಿಟಕಿಯಿಂದ ಈಜುಕೊಳ ಕಂಡರೆ ಅದರ ಹೆಸರು ಡೀಲಕ್ಸ್ ಆಗುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟು, ಕೆಳಗಿನ ದರ್ಜೆಗಿಂತ ಇದರಲ್ಲಿ ಹೆಚ್ಚೇನಿದೆ ಎಂದು ಕೇಳಿ: ಎಷ್ಟು ಚದರ ಮೀಟರ್, ಯಾವ ಅಳತೆಯ ಮಂಚ, ಯಾವ ದಿಕ್ಕಿನ ಕಿಟಕಿ? ಉತ್ತರದಲ್ಲಿ 'ನೋಟ' ಒಂದೇ ಇದ್ದರೆ ನೀವು ಹೆಚ್ಚು ಕೊಡುವ ಹಣವೂ ನೋಟಕ್ಕೇ.

ನಕ್ಷತ್ರಗಳ ಕಥೆಯೂ ಹೆಚ್ಚು ಬೇರೆಯಲ್ಲ. 2009ರಲ್ಲಿ ಯುರೋಪಿನಲ್ಲಿ ಶುರುವಾದ ಹೋಟೆಲ್‌ಸ್ಟಾರ್ಸ್ ಯೂನಿಯನ್ ಹಲವು ದೇಶಗಳಿಗೆ ಒಂದೇ ಮಾನದಂಡ ತಂದಿತು; ಇಂಥ ಸೌಲಭ್ಯಕ್ಕೆ ಇಂತಿಷ್ಟು ಅಂಕ ಎಂದು ಎಣಿಸಿ ದರ್ಜೆ ಕೊಡುವುದು ಅದರ ಪದ್ಧತಿ. ಇದರಿಂದ ಲಿಫ್ಟ್ ಇದೆಯೇ, ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಖಾತ್ರಿಯಾಗುತ್ತದೆ. ಆ ಲಿಫ್ಟಿನ ಸದ್ದು ನಿಮ್ಮ ದಿಂಬಿನವರೆಗೆ ಬರುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. 'ಸೆವೆನ್ ಸ್ಟಾರ್' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಮಾನ್ಯತೆಯುಳ್ಳ ಯಾವ ಸಂಸ್ಥೆಯೂ ಅದನ್ನು ಕೊಡುವುದಿಲ್ಲ.

ನಿಮಗೆ ಕಳೆದ ಸಲ ಆದದ್ದು ತುಂಬ ಸಾಮಾನ್ಯವಾದ ತೊಂದರೆ. ಹಣ ಲಾಬಿಗೆ ಹೋಗಿದೆ, ಗೋಡೆಯೊಳಗೆ ಹೋಗಿಲ್ಲ. ಅಮೃತಶಿಲೆಯ ನೆಲ ಫೋಟೋದಲ್ಲಿ ಬರುತ್ತದೆ. ಗೋಡೆಯ ದಪ್ಪ, ಪೈಪಿನ ಜೋಡಣೆ, ಮೆತ್ತೆಯ ವಯಸ್ಸು ಯಾವುದೂ ಬರುವುದಿಲ್ಲ. ಆದರೆ ಏಳು ರಾತ್ರಿ ಕಳೆಯುವವರಿಗೆ ಬೇಕಾದ್ದು ಈ ಕಾಣದ ಭಾಗವೇ. ಒಂದು ರಾತ್ರಿಯ ವಾಸದಲ್ಲಿ ಲಾಬಿಯೇ ಮನಸ್ಸು ಗೆಲ್ಲಬಹುದು. ಮೂರನೆಯ ರಾತ್ರಿಯ ಹೊತ್ತಿಗೆ ಅದು ಬರೀ ದಾಟಿ ಹೋಗುವ ಜಾಗ.

ನಿದ್ದೆಯಿಂದಲೇ ಶುರು ಮಾಡೋಣ. ಮಲಗುವ ಕೋಣೆಯೊಳಗೆ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ದಾಟಬಾರದು, ಬಿಡಿಬಿಡಿಯಾಗಿ ಕೇಳುವ ಸದ್ದು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ರೆಸಾರ್ಟುಗಳಲ್ಲಿ ಈ ಮಿತಿ ಮೀರುವುದು ಹೆಚ್ಚಾಗಿ ಹೊರಗಿನ ಸದ್ದಿನಿಂದಲ್ಲ, ಒಳಗಿನದರಿಂದ. ಪಕ್ಕದ ರೂಮಿಗೆ ಹೋಗುವ ನಡುಬಾಗಿಲು ಎಲ್ಲಕ್ಕಿಂತ ದೊಡ್ಡ ಕಳ್ಳ. ಗೋಡೆ ಎಷ್ಟೇ ದಪ್ಪವಿರಲಿ, ಅದರಲ್ಲಿ ಒಂದು ತೆಳು ಬಾಗಿಲು ಇದ್ದರೆ ಮಾತು ಅಕ್ಷರ ಅಕ್ಷರವಾಗಿ ಕೇಳಿಸುತ್ತದೆ. ಎರಡೂ ಕಡೆ ಒಂದೊಂದು ಗಟ್ಟಿ ಬಾಗಿಲು, ನಡುವೆ ಗಾಳಿಯ ಅಂತರ, ಸುತ್ತ ರಬ್ಬರ್ ಪಟ್ಟಿ ಇದ್ದರೆ ಮಾತ್ರ ಸಹ್ಯ. ಎರಡನೆಯದು ಕಾರಿಡಾರಿನ ಬಾಗಿಲಿನ ಅಡಿಯ ಸಂದು: ಬೆಳಕು ಬರುವಷ್ಟು ಜಾಗವಿದ್ದರೆ ಸದ್ದೂ ಬರುತ್ತದೆ. ಮೂರನೆಯದು ಬಚ್ಚಲುಮನೆಯ ಎಕ್ಸಾಸ್ಟ್ ಕೊಳವೆ. ಮೇಲಿನ ಕೆಳಗಿನ ರೂಮುಗಳಿಗೆಲ್ಲ ಒಂದೇ ಕೊಳವೆ ಇದ್ದರೆ ಸದ್ದಿನ ಜೊತೆ ಸಿಗರೇಟಿನ ವಾಸನೆಯೂ ಬರುತ್ತದೆ. ಬುಕ್ ಮಾಡುವಾಗ 'ನಿಶ್ಶಬ್ದವಾದ ರೂಮು ಕೊಡಿ' ಎಂದರೆ ಯಾರೂ ಏನೂ ಮಾಡಲಾರರು. 'ನಡುಬಾಗಿಲಿಲ್ಲದ, ಲಿಫ್ಟಿನಿಂದ ಮತ್ತು ಐಸ್ ಮಶೀನಿನಿಂದ ದೂರದ, ಬ್ಯಾಂಕ್ವೆಟ್ ಹಾಲಿನ ಮೇಲಲ್ಲದ ರೂಮು' ಎಂದು ಹೇಳಿದರೆ ರಿಸೆಪ್ಷನ್‌ನವರು ನಕ್ಷೆ ನೋಡಿ ಕೊಡಬಲ್ಲರು.

ಕತ್ತಲೆಯೂ ಅಷ್ಟೇ ಮುಖ್ಯ. ದಪ್ಪ ಪರದೆ ಎಲ್ಲ ಕಡೆ ಇರುತ್ತದೆ. ಅದನ್ನು ಹಾಕಿದ ರೀತಿ ನೋಡಿ. ಎರಡು ಪರದೆಗಳು ನಡುವೆ ಒಂದರ ಮೇಲೊಂದು 10ರಿಂದ 15 ಸೆಂಟಿಮೀಟರ್ ಬರಬೇಕು, ಪಕ್ಕದಲ್ಲಿ ತಿರುಗಿ ಗೋಡೆಗೆ ತಾಗಬೇಕು, ಕಂಬಿಯ ಮೇಲಿನಿಂದ ಬೆಳಕು ಸೋರಬಾರದು. ಹಾಸಿಗೆಯ ಪಕ್ಕದ ಒಂದು ಸ್ವಿಚ್ಚಿನಿಂದ ಇಡೀ ರೂಮಿನ ದೀಪ ಆರಬೇಕು, ಓದುವ ದೀಪಕ್ಕೆ ಎರಡೂ ಕಡೆ ಬೇರೆ ಬೇರೆ ಸ್ವಿಚ್ ಇರಬೇಕು. ರಾತ್ರಿಯ ದೀಪಕ್ಕೆ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರದ ಹಳದಿ ಛಾಯೆ ಹಿತ. 4000ಕ್ಕೆ ಮೇಲಿನ ಬಿಳಿ ಬೆಳಕು ಆಫೀಸಿಗೆ ಸರಿ. ಮಂಚದ ಎರಡೂ ಬದಿ ಖಾಲಿ ಸಾಕೆಟ್ ಇಲ್ಲದ ರೂಮನ್ನು ಯಾವ ಹೆಸರಿನಿಂದ ಕರೆದರೂ ಡೀಲಕ್ಸ್ ಆಗದು.

ಮೆತ್ತೆಯ ವಿಷಯದಲ್ಲಿ ಬ್ರ್ಯಾಂಡಿಗಿಂತ ವಯಸ್ಸು ಕೇಳಿ. ರೆಸಾರ್ಟಿನ ಮೆತ್ತೆ ಮನೆಯದಕ್ಕಿಂತ ಬೇಗ ಸವೆಯುತ್ತದೆ, ಅದರಲ್ಲೂ ಎಲ್ಲರೂ ಕುಳಿತು ಚಪ್ಪಲಿ ಹಾಕಿಕೊಳ್ಳುವ ಅಂಚು ಮೊದಲು ಕುಸಿಯುತ್ತದೆ. ಅಂಚಿನಲ್ಲಿ ಕುಳಿತಾಗ ಮುಂದಕ್ಕೆ ಜಾರಿದಂತಾದರೆ ಮೆತ್ತೆಯ ಆಯುಸ್ಸು ಮುಗಿದಿದೆ ಎಂದು ಲೆಕ್ಕ. ಕಿಂಗ್ ಮಂಚ ಎಂದು ಹೇಳಿ ಎರಡು ಸಿಂಗಲ್ ಮೆತ್ತೆ ಜೋಡಿಸುವುದೂ ಉಂಟು. ಹಾಸಿನ ಮೇಲೆ ಕೈಯಾಡಿಸಿದರೆ ನಡುವಿನ ಸಂದು ತಿಳಿಯುತ್ತದೆ. ರಾತ್ರಿ ಬೆನ್ನು ಬೆವರಿದರೆ ತಪ್ಪು ಎ.ಸಿ.ಯದಲ್ಲದೇ ಇರಬಹುದು: ಮೆತ್ತೆಯ ಮೇಲೆ ಹಾಕಿದ ಅಗ್ಗದ ಪ್ಲಾಸ್ಟಿಕ್ ಕವಚ ಬೆವರನ್ನು ಕೆಳಗೆ ಬಿಡುವುದಿಲ್ಲ.

ಬೆಡ್‌ಶೀಟಿನ ಥ್ರೆಡ್ ಕೌಂಟ್, ಅಂದರೆ ಒಂದು ಚದರ ಇಂಚಿನಲ್ಲಿರುವ ಎಳೆಗಳ ಸಂಖ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಜಾಹೀರಾತುಗಳಲ್ಲಿ ಇದಕ್ಕಿಂತ ದೊಡ್ಡ ಮರುಳು ಇನ್ನೊಂದಿಲ್ಲ. ಒಳ್ಳೆಯ ಉದ್ದ ಎಳೆಯ ಹತ್ತಿಯಲ್ಲಿ 200ರಿಂದ 400 ಇದ್ದರೆ ಸಾಕು. 1000 ಎಂಬ ಸಂಖ್ಯೆ ಹೆಚ್ಚಾಗಿ ಬರುವುದು ಹೊಸೆದ ನೂಲಿನ ಒಂದೊಂದು ಎಳೆಯನ್ನೂ ಬೇರೆಬೇರೆ ಎಣಿಸುವುದರಿಂದ; ಬಟ್ಟೆ ದಪ್ಪವಾಗುತ್ತದೆ, ಸೆಕೆ ಹೆಚ್ಚುತ್ತದೆ. ಪರ್ಕೇಲ್ ನೇಯ್ಗೆ ಗರಿಗರಿಯಾಗಿ ತಂಪಾಗಿರುತ್ತದೆ, ಸ್ಯಾಟೀನ್ ನುಣುಪಾಗಿ ತುಸು ಬೆಚ್ಚಗಿರುತ್ತದೆ. ಟವೆಲ್ಲಿಗೆ ಚದರ ಮೀಟರಿಗೆ 500ರಿಂದ 600 ಗ್ರಾಂ ತೂಕ ಹದ. ಮುಟ್ಟಿದರೆ ಬೆಣ್ಣೆಯಂತಿದ್ದು ಮೈ ಒರೆಸಿದರೆ ನೀರು ಹೀರದ ಟವೆಲ್ ಕಂಡರೆ, ಲಾಂಡ್ರಿಯಲ್ಲಿ ಸಾಫ್ಟನರ್ ವಿಪರೀತ ಸುರಿಯುತ್ತಿದ್ದಾರೆ ಎಂದರ್ಥ. ಅದರ ಮೇಣದಂಥ ಪದರ ಹತ್ತಿಯ ಎಳೆಗಳ ಮೇಲೆ ಕೂರುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ; ತಕ್ಷಣ ಇಂಗಬೇಕು, ಮಣಿಯಂತೆ ನಿಲ್ಲಬಾರದು.

ಎ.ಸಿ. ಚೆನ್ನಾಗಿ ತಣಿಸುತ್ತಿದೆ, ಆದರೂ ರೂಮಿನಲ್ಲಿ ಮುಗ್ಗಲು ವಾಸನೆ, ಹೊದಿಕೆ ತೇವ ತೇವ. ಇದಕ್ಕೆ ಒಂದು ಕಾರಣ ರೂಮಿಗೆ ಬೇಕಾದ್ದಕ್ಕಿಂತ ದೊಡ್ಡ ಎ.ಸಿ. ಹಾಕಿರುವುದು. ಅದು ಐದು ನಿಮಿಷದಲ್ಲಿ ರೂಮನ್ನು ತಣಿಸಿ ನಿಂತುಬಿಡುತ್ತದೆ. ಗಾಳಿಯ ತೇವಾಂಶ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಇನ್ನೊಂದು ಕಾರಣ ಕೀ ಕಾರ್ಡ್ ತೆಗೆದೊಡನೆ ಎ.ಸಿ. ಪೂರ್ತಿ ಆರುವ ವ್ಯವಸ್ಥೆ. ಒಳ್ಳೆಯ ಕಡೆ ಅತಿಥಿ ಹೊರಗೆ ಹೋದಾಗ ಉಷ್ಣತೆ ಎರಡು ಮೂರು ಡಿಗ್ರಿ ಏರಲು ಬಿಡುತ್ತಾರೆ, ಯಂತ್ರವನ್ನು ಪೂರ್ತಿ ನಿಲ್ಲಿಸುವುದಿಲ್ಲ. ತೇವಾಂಶ ಶೇ 40ರಿಂದ 60ರ ನಡುವೆ ಇದ್ದರೆ ಬಟ್ಟೆ ಒಣಗುತ್ತದೆ, ಮೂಗೂ ಒಣಗುವುದಿಲ್ಲ. ರೂಮಿನೊಳಗೆ ಕಾಲಿಟ್ಟಾಗ ಗಾಢ ಸುಗಂಧ ಬಡಿದರೆ ಅದನ್ನು ಸ್ವಾಗತವೆಂದು ತಿಳಿಯಬೇಡಿ. ಏನನ್ನೋ ಮುಚ್ಚಿರುವ ಸಾಧ್ಯತೆಯೇ ಹೆಚ್ಚು.

ನೀರಿನ ವಿಷಯಕ್ಕೆ ಬಂದರೆ ರೆಸಾರ್ಟಿನ ಯೋಗ್ಯತೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿ ಎಣಿಸಿ. ಬಿಸಿನೀರು ಸದಾ ಸುತ್ತುತ್ತಿರುವಂತೆ ಮರುಪೈಪ್ ಮತ್ತು ಪಂಪ್ ಹಾಕಿದ್ದರೆ ಹತ್ತು ಸೆಕೆಂಡಿನ ಆಚೀಚೆ ಬಿಸಿ ಬರುತ್ತದೆ. ಒಂದು ನಿಮಿಷ ದಾಟಿದರೆ ಆ ಪೈಪು ಹಾಕಿಲ್ಲ, ಅಥವಾ ಕರೆಂಟು ಉಳಿಸಲು ಪಂಪ್ ನಿಲ್ಲಿಸಿದ್ದಾರೆ. ಎರಡನೆಯದು ಸೌಕರ್ಯದ ಪ್ರಶ್ನೆ ಮಾತ್ರ ಅಲ್ಲ. ಲೀಜಿಯನೆಲ್ಲ ಎಂಬ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನಿಂತ ನೀರಿನಲ್ಲಿ ಬೆಳೆಯುತ್ತದೆ, ಶವರಿನ ತುಂತುರಿನೊಡನೆ ಉಸಿರಿಗೆ ಹೋಗಿ ನ್ಯುಮೋನಿಯಾ ತರುತ್ತದೆ. ಅದಕ್ಕೇ ಟ್ಯಾಂಕಿನಲ್ಲಿ ನೀರನ್ನು 60 ಡಿಗ್ರಿಯಲ್ಲಿಟ್ಟು, ಪೈಪಿನಲ್ಲಿ 50ಕ್ಕೆ ಇಳಿಯದಂತೆ ಸುತ್ತಿಸಿ, ಮೈ ಸುಡದಂತೆ ನಲ್ಲಿಯ ಹತ್ತಿರ ಮಿಕ್ಸಿಂಗ್ ವಾಲ್ವ್ ಹಾಕುವುದು. ಸೀಸನ್ ಅಲ್ಲದಾಗ ಹೋಗಿ ಬಹಳ ದಿನ ಖಾಲಿಯಿದ್ದ ರೂಮು ಸಿಕ್ಕಿದರೆ, ಮೊದಲ ಸ್ನಾನಕ್ಕೆ ಮುಂಚೆ ಶವರ್ ತಲೆಯನ್ನು ನೆಲದ ಹತ್ತಿರ ಇಳಿಸಿ ಬಿಸಿನೀರನ್ನು ಕೆಲವು ನಿಮಿಷ ಹರಿಯಬಿಡಿ, ಅಷ್ಟು ಹೊತ್ತು ಬಚ್ಚಲಿನಿಂದ ಹೊರಗಿರಿ. ಇನ್ನೊಂದು ಪರೀಕ್ಷೆ: ಶವರ್ ಬಿಟ್ಟುಕೊಂಡೇ ಫ್ಲಶ್ ಮಾಡಿ. ನೀರು ಥಟ್ಟನೆ ಸುಡತೊಡಗಿದರೆ ಒತ್ತಡ ಸರಿದೂಗಿಸುವ ವಾಲ್ವ್ ಇಲ್ಲ. ಮಕ್ಕಳಿದ್ದರೆ ಇದು ಲಕ್ಷುರಿಯ ಮಾತಲ್ಲ.

ಈಜುಕೊಳದ ಹತ್ತಿರ 'ಕ್ಲೋರಿನ್ ವಾಸನೆ' ಘಾಟಾಗಿ ಬಂದರೆ ಬಹಳ ಮಂದಿ ನೀರು ಶುದ್ಧವಾಗಿದೆ ಅಂದುಕೊಳ್ಳುತ್ತಾರೆ. ಆಗಿರುವುದು ತಿರುವುಮುರುವು. ಬೆವರು, ಮೂತ್ರದೊಡನೆ ಕ್ಲೋರಿನ್ ಸೇರಿ ಆದ ಕ್ಲೋರಮೈನ್‌ಗಳ ವಾಸನೆ ಅದು, ಕಣ್ಣುರಿಯುವುದೂ ಅದರಿಂದಲೇ. ಸರಿಯಾದ ಕೊಳದಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಪಿಎಚ್ 7.2ರಿಂದ 7.8 ಇರುತ್ತದೆ, ವಾಸನೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಆಳದ ಕಡೆ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಇಳಿಯಬೇಡಿ. ಹಾಟ್ ಟಬ್ಬು 40 ಡಿಗ್ರಿ ಮೀರಬಾರದು. ದಿನದ ತಪಾಸಣೆಯ ಪಟ್ಟಿ ಎಲ್ಲಿದೆ ಎಂದು ಕೊಳದ ಹುಡುಗನನ್ನು ಕೇಳಿ. ಆ ದಿನದ ಅಂಕಿ ಬರೆದಿದ್ದರೆ ಉಳಿದ ನಿರ್ವಹಣೆಯೂ ಹಾಗೇ ಇರುವ ಸಂಭವ ಹೆಚ್ಚು.

ಈಗ ಜಾಗ. ಟೈಮ್‌ಶೇರ್ ಹೋಟೆಲಿಗಿಂತ ನಿಜವಾಗಿ ಮೇಲಾಗುವುದು ಇಲ್ಲಿ: ಒಂದು ರೂಮಿನ ಬದಲು ಅಡುಗೆಮನೆ, ಹಾಲ್, ಬೇರೆ ಮಲಗುವ ಕೋಣೆ ಇರುವ ಮನೆ. ವಿವರದಲ್ಲಿ 6/4 ಎಂದು ಬರೆದಿದ್ದರೆ ಆರು ಜನ ಮಲಗಬಹುದು, ಆದರೆ ನಾಲ್ವರಿಗೆ ಮಾತ್ರ ಏಕಾಂತದ ವ್ಯವಸ್ಥೆ ಇದೆ ಎಂದರ್ಥ. ಉಳಿದಿಬ್ಬರು ಹಾಲಿನ ಸೋಫಾ ಬೆಡ್ ಮೇಲೆ. ನಿಮ್ಮ ನಾಲ್ವರಿಗೆ 4/2 ಮನೆ ಕೊಟ್ಟು ಡೀಲಕ್ಸ್ ಎಂದರೆ ಮಕ್ಕಳು ಮಲಗಿದ ಮೇಲೆ ನೀವು ಹಾಲಿನ ದೀಪ ಹಾಕುವಂತಿಲ್ಲ. ಎರಡನೆಯ ಸಂಖ್ಯೆಯೇ ನಿಮ್ಮ ತಲೆಗಳ ಲೆಕ್ಕಕ್ಕೆ ಹೊಂದಬೇಕು. ಎರಡು ಬೆಡ್‌ರೂಮಿನ ಮನೆ 'ಲಾಕ್‌ಆಫ್' ಆಗಿದ್ದರೆ, ಅಂದರೆ ಒಂದು ಭಾಗಕ್ಕೆ ಬೀಗ ಹಾಕಿ ಬೇರೆಯವರಿಗೆ ಕೊಡಬಹುದಾದದ್ದಾದರೆ, ಆ ಸ್ಟುಡಿಯೋ ಭಾಗದ ಅಡುಗೆಮನೆ ಬರೀ ಮೈಕ್ರೊವೇವ್, ಸಣ್ಣ ಫ್ರಿಜ್ಜಿನದು. ಅದೊಂದನ್ನೇ ತೆಗೆದುಕೊಂಡರೆ ನಡುಬಾಗಿಲಿನ ಸದ್ದೂ ಜೊತೆಗೆ ಬರುತ್ತದೆ. 'ಪೂರ್ಣ ಅಡುಗೆಮನೆ' ಎಂದಾಗ ಕೇಳಬೇಕಾದ್ದು ಎಷ್ಟು ಒಲೆ, ಓವನ್ ಇದೆಯೇ, ತಟ್ಟೆ ಲೋಟ ಎಷ್ಟು. ನಾಲ್ವರ ಮನೆಯಲ್ಲಿ ನಾಲ್ಕೇ ತಟ್ಟೆ ಇಟ್ಟವರು ಅಲ್ಲಿ ಒಂದು ದಿನವೂ ಅಡುಗೆ ಮಾಡಿ ನೋಡಿದವರಲ್ಲ, ಎರಡರಷ್ಟಾದರೂ ಇರಬೇಕು. ಚಾಕು ಮೊಂಡಾಗಿರುವುದಂತೂ ಸರ್ವೇಸಾಮಾನ್ಯ.

ಸೇವೆಯಲ್ಲಿ ಮುಖ್ಯ ವ್ಯತ್ಯಾಸ ಇಷ್ಟು: ಹೋಟೆಲಿನಲ್ಲಿ ರೂಮನ್ನು ಸಾಮಾನ್ಯವಾಗಿ ದಿನವೂ ಗುಡಿಸಿ ಒರೆಸುತ್ತಾರೆ, ಬಹುಪಾಲು ಟೈಮ್‌ಶೇರ್‌ಗಳಲ್ಲಿ ವಾರದ ನಡುವೆ ಒಮ್ಮೆ ಮಾತ್ರ. ದಿನವೂ ಬೇಕಾದರೆ ಬೇರೆ ಶುಲ್ಕ. ಎಲ್ಲ ಮನೆಗಳೂ ಒಂದೇ ದಿನ ಖಾಲಿಯಾಗಿ ಅದೇ ದಿನ ತುಂಬುವ ಪದ್ಧತಿ ಇದ್ದರೆ ಎಚ್ಚರ. ಬೆಳಿಗ್ಗೆ 10ಕ್ಕೆ ಹೋಗುವವರು, ಸಂಜೆ 4ಕ್ಕೆ ಬರುವವರು. ನಡುವಿನ ಆರು ಗಂಟೆಯಲ್ಲಿ ಇಡೀ ರೆಸಾರ್ಟು ಸ್ವಚ್ಛವಾಗಬೇಕು. ಆಗ ಮೊದಲು ಬಿಟ್ಟುಹೋಗುವುದು ಸೋಫಾ ಬೆಡ್ಡಿನ ಒಳಮೈ, ಎ.ಸಿ. ಫಿಲ್ಟರ್, ಓವನ್, ರಿಮೋಟ್. ಬರುವ ದಿನಗಳನ್ನು ವಾರದುದ್ದಕ್ಕೂ ಹಂಚಿದ ರೆಸಾರ್ಟಿನಲ್ಲಿ ಈ ಗಡಿಬಿಡಿ ಇರುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಟೈಮ್‌ಶೇರ್ ಹುಟ್ಟಿದ್ದು ಡೀಲಕ್ಸ್ ಕೊಡಲು ಅಲ್ಲ. 1960ರ ದಶಕದ ಯುರೋಪಿನಲ್ಲಿ, ರಜೆಯ ಮನೆಯೊಂದನ್ನು ಪೂರ್ತಿ ಕೊಳ್ಳಲಾಗದವರು ಖರ್ಚು ಹಂಚಿಕೊಂಡು ಬೇಕಾದ ವಾರದ ಜಾಗ ಖಚಿತಮಾಡಿಕೊಳ್ಳುವ ಉಪಾಯವಾಗಿ ಅದು ಬಂತು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಎಂಬ ಇಂಥ ಕಂಪನಿ ಶುರುವಾದದ್ದು 1963ರಲ್ಲಿ. ಒಬ್ಬರ ವಾರವನ್ನು ಇನ್ನೊಬ್ಬರ ವಾರದೊಡನೆ ಬದಲಾಯಿಸಿಕೊಳ್ಳಲು ಆರ್‌ಸಿಐ 1974ರಲ್ಲಿ, ಇಂಟರ್‌ವಲ್ ಇಂಟರ್‌ನ್ಯಾಷನಲ್ 1976ರಲ್ಲಿ ಎಂಬ ವಿನಿಮಯ ಕಂಪನಿಗಳು ಬಂದವು. ಹೀಗಾಗಿ ನೀವು ಕೊಳ್ಳುವುದು ಹಕ್ಕನ್ನು. ಹತ್ತು ವರ್ಷದ ನಂತರವೂ ಆ ಮನೆ ಇವತ್ತಿನಂತೆಯೇ ಇರುತ್ತದೆಯೇ ಎಂಬುದು ಒಪ್ಪಂದದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ.

ಅದು ನಿರ್ಧಾರವಾಗುವುದು ಮೀಸಲು ನಿಧಿಯಲ್ಲಿ, ಅಂದರೆ ಮುಂದಿನ ದುರಸ್ತಿ, ಬದಲಾವಣೆಗೆಂದು ಸದಸ್ಯರಿಂದ ಕೂಡಿಡುವ ಹಣದಲ್ಲಿ. ಲೆಕ್ಕ ಸರಳ. ಒಂದು ಮನೆಯ ಮೆತ್ತೆ, ಸೋಫಾ, ಪರದೆಗಳನ್ನು ಏಳು ವರ್ಷಕ್ಕೊಮ್ಮೆ ಬದಲಿಸಲು 350 ಪಾಲು ಹಣ ಬೇಕೆನ್ನಿ. ವರ್ಷದ 52 ವಾರಗಳಲ್ಲಿ ಎರಡನ್ನು ರಿಪೇರಿಗೆ ಬಿಟ್ಟು 50 ವಾರ ಮಾರಿದ್ದರೆ ಪ್ರತಿ ಸದಸ್ಯರೂ ವರ್ಷಕ್ಕೆ ಒಂದು ಪಾಲು ಕೂಡಿಡಬೇಕು. ಹತ್ತು ಜನ ಶುಲ್ಕ ಕಟ್ಟುವುದು ಬಿಟ್ಟರೆ ಉಳಿದ ನಲವತ್ತು ಜನರ ಮೇಲೆ ಅದು ಒಂದೂಕಾಲು ಪಾಲಾಗುತ್ತದೆ. ಶುಲ್ಕ ಏರಿದಂತೆ ಇನ್ನಷ್ಟು ಜನ ಬಿಡುತ್ತಾರೆ, ಮತ್ತೆ ಏರುತ್ತದೆ. ಶುಲ್ಕ ಏರಿಸದೆ ನಿಧಿಯನ್ನೇ ಖಾಲಿ ಮಾಡಿದರೆ ಒಂದು ದಿನ ಚಾವಣಿ ಸೋರಿ 'ವಿಶೇಷ ವಂತಿಗೆ' ಎಂಬ ಪತ್ರ ಮನೆಗೆ ಬರುತ್ತದೆ. ವಾರ್ಷಿಕ ನಿರ್ವಹಣಾ ಶುಲ್ಕ ಅಕ್ಕಪಕ್ಕದ ರೆಸಾರ್ಟುಗಳಿಗಿಂತ ತೀರಾ ಕಡಿಮೆಯಿದ್ದರೆ ಖುಷಿಪಡಬೇಡಿ. ಮೇಲೆ ಥಳಕು ಒಳಗೆ ಹುಳುಕು ಎನ್ನುವ ಸ್ಥಿತಿ ಹೀಗೇ ಶುರುವಾಗುವುದು.

ಮಾರಾಟದ ಮೇಜಿನಲ್ಲಿ ಕೂತಾಗ ಈ ಕಾಗದಗಳನ್ನು ಕೇಳಿ: ಕಳೆದ ಐದು ವರ್ಷದ ನಿರ್ವಹಣಾ ಶುಲ್ಕ, ಮೀಸಲು ನಿಧಿಯಲ್ಲಿ ಈಗಿರುವ ಹಣ, ಶುಲ್ಕ ಬಾಕಿ ಇಟ್ಟವರ ಪ್ರಮಾಣ, ಹಿಂದೆ ಹಾಕಿದ ವಿಶೇಷ ವಂತಿಗೆಗಳು, ಕೊನೆಯ ಬಾರಿ ಮನೆಗಳನ್ನು ನವೀಕರಿಸಿದ ವರ್ಷ. ಮಾರಾಟವಾಗದ ವಾರಗಳ ಶುಲ್ಕವನ್ನು ರೆಸಾರ್ಟು ನಿರ್ಮಿಸಿದ ಕಂಪನಿಯೇ ತುಂಬುತ್ತಿದೆಯೇ ಎಂಬುದೂ ಬೇಕು. ತೋರಿಸುವ ಮಾದರಿ ಮನೆ ಹೊಸದೇ ಆಗಿರುತ್ತದೆ, ಆದ್ದರಿಂದ ಹಳೆಯ ಬ್ಲಾಕಿನ ಒಂದು ಸಾಮಾನ್ಯ ಮನೆ ತೋರಿಸಿ ಎನ್ನಿ. ಪಾಯಿಂಟ್ ಪದ್ಧತಿಯಾದರೆ (ನಿಗದಿತ ವಾರದ ಬದಲು ಪಾಯಿಂಟು ಕೊಟ್ಟು ವಾಸ ಪಡೆಯುವುದು) ಇಂದು ಒಂದು ವಾರಕ್ಕೆ ಬೇಕಾದ ಪಾಯಿಂಟು ಮುಂದೆ ಏರಬಹುದೇ, ಏರಿಸಲು ಮಿತಿ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಬೇರೆ ಕಡೆ ಬದಲಾಯಿಸಿಕೊಳ್ಳುವ ಆಸೆಯಿದ್ದರೆ ನಿಮ್ಮ ವಾರದ ಬಣ್ಣ ಕೇಳಿ: ಹಳೆಯ ರೂಢಿಯಲ್ಲಿ ಕೆಂಪು ಎಂದರೆ ಬೇಡಿಕೆಯ ಕಾಲ, ಬಿಳಿ ನಡುವಿನದು, ನೀಲಿ ಯಾರಿಗೂ ಬೇಡದ ಕಾಲ. ನೀಲಿ ವಾರ ಕೊಟ್ಟು ಕೆಂಪು ವಾರ ಸಿಗುವುದು ಕಷ್ಟ. ಆರ್‌ಸಿಐ ಕೊಡುವ ಗೋಲ್ಡ್ ಕ್ರೌನ್, ಸಿಲ್ವರ್ ಕ್ರೌನ್ ಮುದ್ರೆಗಳಿಗೆ ತಕ್ಕಮಟ್ಟಿನ ಬೆಲೆಯಿದೆ, ಏಕೆಂದರೆ ಅವುಗಳಲ್ಲಿ ಉಳಿದು ಹೋದವರು ಕೊಟ್ಟ ಅಂಕಗಳೂ ಸೇರಿರುತ್ತವೆ.

ಸಹಿ ಹಾಕುವ ಮುನ್ನ ಅದೇ ರೆಸಾರ್ಟಿನ ಅದೇ ಮಾದರಿಯ ವಾರ ಮರುಮಾರಾಟದಲ್ಲಿ ಎಷ್ಟಕ್ಕಿದೆ ಎಂದು ಹುಡುಕಿ. ಬಹಳಷ್ಟು ಸಲ ಅದು ಹೊಸ ಬೆಲೆಯ ಸಣ್ಣ ತುಣುಕಷ್ಟೇ ಇರುತ್ತದೆ. ವಾರಕ್ಕೆ ಬೀಳುವ ನಿರ್ವಹಣಾ ಶುಲ್ಕ ಅದೇ ಮನೆಯನ್ನು ಬಾಡಿಗೆಗೆ ಹಿಡಿದರೆ ಆಗುವ ಖರ್ಚನ್ನು ಮುಟ್ಟುತ್ತಿದ್ದರೆ ಸದಸ್ಯತ್ವಕ್ಕೆ ಅರ್ಥವಿಲ್ಲ, ಬಾಡಿಗೆಗೇ ಹೋಗಿ. 'ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ' ಎಂಬ ಮಾತಿಗೆ ಎದ್ದು ಬರುವುದೇ ಉತ್ತರ. ಮನಸ್ಸು ಬದಲಿಸಲು ಕಾನೂನು ಕೊಡುವ ಅವಧಿ ರೆಸಾರ್ಟು ಯಾವ ದೇಶದಲ್ಲಿದೆ, ಒಪ್ಪಂದ ಎಲ್ಲಾಯಿತು ಎಂಬುದರ ಮೇಲೆ ನಿಂತಿದೆ. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದಂತೆ 14 ದಿನ, ಆ ಅವಧಿಯಲ್ಲಿ ಮುಂಗಡ ಕೇಳುವುದೂ ನಿಷಿದ್ಧ. ಅಮೆರಿಕದ ಫ್ಲಾರಿಡಾದಲ್ಲಿ 10 ದಿನ. ರದ್ದು ಮಾಡುವುದಾದರೆ ಬಾಯಿಮಾತು ಸಾಲದು, ಒಪ್ಪಂದದಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ರೀತಿಯಲ್ಲೇ ಬರೆದು ಕಳಿಸಿ ರಸೀತಿ ಇಟ್ಟುಕೊಳ್ಳಿ.

ಇನ್ನು ಬರುವ ರಜೆಗೆ, ಬಾಡಿಗೆಯೋ ಸದಸ್ಯತ್ವವೋ, ರೂಮಿನ ಕೀಲಿ ಕೈಗೆ ಬಂದ ಮೊದಲ ಹದಿನೈದು ನಿಮಿಷ ಪೆಟ್ಟಿಗೆ ಬಿಚ್ಚಬೇಡಿ, ಬಚ್ಚಲಿನಲ್ಲೇ ಇಡಿ. ಒಬ್ಬರು ಬಿಸಿನೀರು ಬಿಟ್ಟು ಎಣಿಸಲಿ, ಇನ್ನೊಬ್ಬರು ಪರದೆ ಎಳೆದು ದೀಪ ಆರಿಸಿ ನೋಡಲಿ. ಎ.ಸಿ. ಹಾಕಿ, ಟಿ.ವಿ. ಹಾಕದೆ ಒಂದೆರಡು ನಿಮಿಷ ಸುಮ್ಮನೆ ಕುಳಿತು ಕಿವಿಗೊಡಿ. ಮೆತ್ತೆಯ ಹೊಲಿಗೆಯ ಅಂಚನ್ನೂ ತಲೆಹಲಗೆಯ ಹಿಂಭಾಗವನ್ನೂ ಮೊಬೈಲ್ ಬೆಳಕಿನಲ್ಲಿ ನೋಡಿ. ಕಪ್ಪು ಚುಕ್ಕೆಗಳು ಕಂಡರೆ ತಿಗಣೆಯ ಗುರುತು, ಪೆಟ್ಟಿಗೆಯನ್ನು ಬಚ್ಚಲಿನಿಂದ ಈಚೆಗೆ ತರಲೇಬೇಡಿ. ದೋಷ ಕಂಡರೆ ಫೋಟೋ ತೆಗೆದು, 'ರೂಮು ಸರಿಯಿಲ್ಲ' ಎನ್ನದೆ 'ಬಿಸಿನೀರು ಬರಲು ಎರಡು ನಿಮಿಷ ಬೇಕಾಯಿತು, ನಡುಬಾಗಿಲಿನಿಂದ ಪಕ್ಕದ ಟಿ.ವಿ. ಕೇಳುತ್ತಿದೆ' ಎಂದು ತಿಳಿಸಿ ಬೇರೆ ರೂಮು ಕೇಳಿ. ಬರುವವರಿಗೆಲ್ಲ ಕೀಲಿ ಕೊಟ್ಟು ಮುಗಿಯುವ ಮುಂಚೆ, ಅಂದರೆ ಸಂಜೆ ಐದರೊಳಗೆ ಕೇಳಿದವರಿಗೆ ರೂಮು ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಕೇಳಿದವರಿಗೆ ಕ್ಷಮೆ ಮತ್ತು ಹಣ್ಣಿನ ಬುಟ್ಟಿ ಸಿಗುತ್ತದೆ.